ಕಣಗಿಲೆಯ ಹೊರೆ

ಏನೂ ಮಾಡದೆ ಬಿಟ್ಟರೂ ಬೆಳೆಯುವ ಗಿಡವನ್ನು ಸಾಕುವುದು ನಿವೃತ್ತನಾದವನಿಗೆ ದೊಡ್ಡ ಪರೀಕ್ಷೆ. ಗುಲಾಬಿಯ ಮಾತು ಬೇರೆ. ಅದು ವಾರಕ್ಕೊಂದು ರೋಗ ತಂದುಕೊಂಡು, ಎಲೆಗೆ ಚುಕ್ಕೆ ಬರಿಸಿಕೊಂಡು, ಮನೆಯ ಹಿರಿಯನಿಗೆ ಕೈತುಂಬ ಕೆಲಸ ಕೊಟ್ಟು ಅವನ ಮರ್ಯಾದೆ ಉಳಿಸುತ್ತದೆ. ಕಣಗಿಲೆಗೆ ಆ ದಯೆ ಇಲ್ಲ. ಏಪ್ರಿಲ್ ಬಿಸಿಲಿಗೆ ಬಾಡುವುದಿಲ್ಲ, ಬೆಳಗಾವಿಯ ತಿಂಗಳುಗಟ್ಟಲೆ ಜಿಟಿಜಿಟಿ ಮಳೆಗೆ ಕೊಳೆಯುವುದಿಲ್ಲ. ವರ್ಷವಿಡೀ ಹಸಿರಾಗಿ, ನನ್ನ ಹಂಗೇ ಇಲ್ಲದಂತೆ ನಿಂತಿರುತ್ತದೆ. ಆಡು, ದನ, ಮಂಗ ಯಾವುದೂ ಅದಕ್ಕೆ ಬಾಯಿ ಹಾಕುವುದಿಲ್ಲ. ಎಲೆ ಅಷ್ಟು ಕಹಿ, ಸಾಲದ್ದಕ್ಕೆ ವಿಷ. ಇಂಥ ಗಿಡದ ಯಜಮಾನನಾದವನು ಕಾಲು ಚಾಚಿ ಕುಳಿತಿರಬೇಕು. ನಾನು ಕೂರಲಿಲ್ಲ. ಕುಳಿತಿದ್ದರೆ ಈ ತಪ್ಪೊಪ್ಪಿಗೆ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಾನು ಹೈಸ್ಕೂಲು ಮುಗಿಸಿ ಉದ್ಯಮಬಾಗದ ಒಂದು ಫೌಂಡ್ರಿಯ ಸ್ಟೋರಿಗೆ ಸೇರಿದವನು. ನಿವೃತ್ತನಾಗುವವರೆಗೂ ಅಲ್ಲಿ ಪ್ರತಿ ವಸ್ತುವಿಗೂ ಒಂದು ಜಾಗ, ಪ್ರತಿ ಜಾಗಕ್ಕೂ ಒಂದು ಬೀಗ ಎಂದು ಬದುಕಿದೆ. ರಾಮತೀರ್ಥ ನಗರದ ನಮ್ಮ ಮನೆಯ ಗೇಟಿನ ಬದಿಗೆ ಈ ಕಣಗಿಲೆಯನ್ನು ತಂದು ಹಚ್ಚಿದ್ದು ಖಾನಾಪುರದಲ್ಲಿರುವ ನನ್ನ ತಂಗಿ ಶಕುಂತಲೆಯ, ನಮ್ಮ ಶಕ್ಕುವಿನ, ಹಿತ್ತಲಿನಿಂದ. ಗೇಣುದ್ದದ ಒಂದು ಕಡ್ಡಿ. ಚುಚ್ಚಿ ಬಿಟ್ಟೆ, ಬಂತು. ಮರುವರ್ಷ ಸುತ್ತಿನ ಮೇಲೆ ಸುತ್ತು ಎಸಳಿನ, ಕಡು ಗುಲಾಬಿ ಬಣ್ಣದ, ಸಣ್ಣಗೆ ಪರಿಮಳವೂ ಇರುವ ಹೂ ಬಿಟ್ಟಿತು. ಆ ಹೂವನ್ನು ಎಡಗೈಯ ಇಷ್ಟಲಿಂಗದ ಮೇಲೆ ಏರಿಸಿದಾಗ ಪೂಜೆಯಲ್ಲಿ ಮನಸ್ಸು ನಿಲ್ಲುತ್ತಿತ್ತು ಎಂದು ಹೇಳಬಹುದಿತ್ತು. ಖರೇ ಹೇಳಬೇಕೆಂದರೆ ಮನಸ್ಸು ಹೂವಿನ ಮೇಲೆ ನಿಲ್ಲುತ್ತಿತ್ತು. ಇಡೀ ಬಡಾವಣೆಯಲ್ಲಿ ಆ ಜಾತಿ ನಮ್ಮದೊಂದೇ. ಅಲ್ಲಿಂದ ನನ್ನ ಆರೈಕೆ ಶುರುವಾಯಿತು. ಬೇಡವೆಂದರೂ ನೀರು ಹಾಕಿದೆ. ತುದಿಗೆ ಹಳದಿ ಹೇನು ಹತ್ತಿದಾಗ ಹೆಂಡತಿಯ ಶಾಂಪೂ ಕಲಸಿ ತಲೆಗೆ ಎರೆದೆ. ಅದಕ್ಕೆ ಆಕೆ ನಮ್ಮ ಮದುವೆಯಾದಾಗಿನಿಂದ ತನ್ನ ತಲೆಗೆ ಯಾರೂ ಹಾಗೆ ಎರೆದಿಲ್ಲವೆಂದು ನೆನಪು ಮಾಡಿಕೊಟ್ಟಳು. ಕೊನೆಗೆ ಗಿಡ ಗುಂಡಗೆ, ಅಚ್ಚಿನಲ್ಲಿ ಎರಕ ಹೊಯ್ದಂತೆ ಇರಬೇಕೆಂಬ ಹುಚ್ಚು ಹಿಡಿದು ಒಂದು ದೊಡ್ಡ ಕತ್ತರಿ ತಂದೆ.

ಈ ನಡುವೆ ಬಾಜು ಮನೆಯ ಪಾಟೀಲರು ಒಂದು ಕಡ್ಡಿ ಕೇಳುತ್ತಿದ್ದರು. ಮರಾಠಿ ಮನೆಮಾತಿನ ಒಳ್ಳೆಯ ಮನುಷ್ಯ, ನನ್ನದೇ ವಯಸ್ಸು. ಕಂಪೌಂಡಿಗೆ ಎರಡೂ ಕೈ ಊರಿ, "ಶಿವಪ್ಪಣ್ಣಾ, ಒಂದು ಫಾಂದಿ ಕೊಡ್ರಿ ಕೀ, ನಮ್ಮ ಗೋಡಿಗೂ ಶೋಭಾ ಬರತೈತಿ" ಎನ್ನುವರು. ಫಾಂದಿ ಎಂದರೆ ಅವರ ಮಾತಿನಲ್ಲಿ ಟೊಂಗೆ. ನನಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ, ಕೊಡಲು ಕೈ ಬರುತ್ತಿರಲಿಲ್ಲ. ಒಮ್ಮೆ ಅಮಾವಾಸ್ಯೆ ಇದೆ, ಗಿಡಕ್ಕೆ ಕತ್ತರಿ ತಾಗಿಸಬಾರದು ಎಂದೆ. ಇನ್ನೊಮ್ಮೆ ಆಷಾಢ ಎಂದೆ. ಮತ್ತೊಮ್ಮೆ ಗಿಡ ಈಗಷ್ಟೇ ಹೂ ಮುಗಿಸಿ ದಣಿದಿದೆ ಎಂದೂ ಹೇಳಿದೆ. ಪಾಟೀಲರು ದಣಿದ ಗಿಡದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ಇನ್ನು ಕಪಿಲಿ. ಕಪಿಲಿ ಎಂದರೆ ನಮಗೆ ಎಮ್ಮೆಯ ಹಾಲು ಹಾಕುವ ಬಾಳವ್ವನ ಕೆಂದು ಆಕಳು. ಬಾಳವ್ವನ ಮನೆ ಬಡಾವಣೆಯ ಹಿಂಬದಿಗೆ, ಕಣಬರಗಿಯ ಹೊಲಗಳ ಕಡೆಗಿದೆ. ಮುಂಜಾನೆ ಬಿಟ್ಟರೆ ಕಪಿಲಿ ತಾನೇ ಓಣಿ ಸುತ್ತಿ, ಗೊತ್ತಿರುವ ಗೇಟುಗಳ ಮುಂದೆ ನಿಂತು, ತಿಂದು, ಸಂಜೆ ತಾನೇ ಮನೆಗೆ ಹೋಗುವುದು. ನಮ್ಮ ಗೇಟಿನ ಹೊರಗೆ ಒಂದು ಶಹಾಬಾದಿ ಹಾಸುಗಲ್ಲು ಇದೆ. ಒಲೆಯ ಮೇಲಿಂದ ಇಳಿದ ಮೊದಲ ರೊಟ್ಟಿ, ಕಾಯಿಪಲ್ಲೆಯ ಸಿಪ್ಪೆ, ಪೂಜೆಯ ಬಾಳೆಹಣ್ಣು ಎಲ್ಲವನ್ನೂ ನನ್ನ ಹೆಂಡತಿ ಸುಶೀಲೆ ಆ ಕಲ್ಲಿನ ಮೇಲೆ ಇಡುತ್ತಾಳೆ. ಇಟ್ಟು ಆಕಳಿನ ಹಣೆ ಮುಟ್ಟಿ ನಮಸ್ಕರಿಸದೆ ತಾನು ತುತ್ತು ಎತ್ತುವುದಿಲ್ಲ. ಆ ಕಲ್ಲಿನ ಮೇಲೆ ಏನಿದ್ದರೂ ಕಪಿಲಿ ಮೂಸಿ ನೋಡುವುದಿಲ್ಲ. ನಮ್ಮ ಮನೆಯದೆಂದ ಮೇಲೆ ತಿನ್ನುವಂಥದ್ದೇ ಎಂಬ ಭರವಸೆ. ಇತ್ತೀಚೆಗೆ ಅದರ ಹೊಟ್ಟೆ ಎರಡೂ ಬದಿಗೆ ಉಬ್ಬಿತ್ತು. ನಮ್ಮ ಸಿಪ್ಪೆಯ ಪ್ರಭಾವವೆಂದು ನಾನು ಸಂತೋಷಪಟ್ಟಿದ್ದೆ.

ಆ ಚಳಿಗಾಲದಲ್ಲಿ ಒಂದು ದಿನ ಕತ್ತರಿ ಹಿಡಿದವನು ನಿಲ್ಲಿಸಲೇ ಇಲ್ಲ. ಎಡಕ್ಕೆ ಸ್ವಲ್ಪ ಹೆಚ್ಚಾಯಿತೆಂದು ಬಲಕ್ಕೆ ಕತ್ತರಿಸಿದೆ, ಬಲ ಕುಗ್ಗಿತೆಂದು ಮತ್ತೆ ಎಡಕ್ಕೆ. ಮುಗಿದಾಗ ಗಿಡಕ್ಕಿಂತ ದೊಡ್ಡದಾದ ಒಂದು ಹೊರೆ ಅಂಗಳದಲ್ಲಿ ಬಿದ್ದಿತ್ತು. ಒಂದೆರಡು ದಿನ ಅಲ್ಲೇ ಬಾಡಿತು. ಸುಶೀಲೆಗೆ ರಂಗೋಲಿ ಹಾಕಲು ಜಾಗವಿಲ್ಲದಂತಾಗಿ, ಅದನ್ನು ಕಸದ ಗಾಡಿಗೆ ಹಾಕಿ ಎಂದು ಕಟ್ಟಪ್ಪಣೆ ಮಾಡಿ, ಬಟಾಣಿ ಸಿಪ್ಪೆಯ ಬುಟ್ಟಿಯನ್ನೂ ಹೊರಗಿಡಲು ಹೇಳಿ, ಮಧ್ಯಾಹ್ನ ಅಕ್ಕನ ಬಳಗದ ವಚನ ಗಾಯನಕ್ಕೆ ಹೋದಳು. ಗಾಡಿ ಬಂತು. ಗಾಡಿಯವನು ಹೊರೆ ನೋಡಿ, ಗಿಡಗಂಟಿ ತೆಗೆದುಕೊಳ್ಳುವುದಿಲ್ಲ ಎಂದು ಹಾಡು ಹಚ್ಚಿಕೊಂಡು ಮುಂದೆ ಹೋದ. ನಾನು ಹೊರೆಯನ್ನು ಎಳೆದುಕೊಂಡು ಹೋಗಿ ಹಾಸುಗಲ್ಲಿನ ಮೇಲೆ ಒಟ್ಟಿದೆ. ದನ ಹೇಗೂ ತಿನ್ನುವುದಿಲ್ಲ, ನಾಳೆ ನೋಡೋಣ ಎಂದುಕೊಂಡೆ. ಆಮೇಲೆ ಸುಶೀಲೆಯ ಕಣ್ಣಿಗೆ ಬೀಳಬಾರದೆಂದು ಬಟಾಣಿ ಸಿಪ್ಪೆಯನ್ನು ಅದರ ಮೇಲೆಯೇ, ಎಲೆ ಕಾಣದಂತೆ ಹರಡಿದೆ. ಇಷ್ಟು ಓದಿದ ಮೇಲೆ ನಿಮಗೆ ನನ್ನ ಬಗ್ಗೆ ಏನನ್ನಿಸುತ್ತದೆಯೋ ಅದೇ ನನಗೂ ಅನ್ನಿಸುತ್ತದೆ. ಆದರೆ ಆಗ, ಒಳ್ಳೆಯ ಉಪಾಯ ಹೊಳೆಯಿತೆಂದು ಕೈ ತೊಳೆದು ಮಲಗಿದೆ.

ಸಂಜೆ ಎದ್ದು ನೋಡಿದರೆ ಕಲ್ಲು ಬರಿದಾಗಿತ್ತು. ಹೊರೆ ಇಲ್ಲ, ಸಿಪ್ಪೆ ಇಲ್ಲ. ಕಲ್ಲಿನ ಪಕ್ಕದಲ್ಲಿ ಹಸಿ ಸೆಗಣಿ ಮಾತ್ರ. ಯಾರೋ ಪುಣ್ಯಾತ್ಮರು ಒಲೆಗೆ ಒಯ್ದಿರಬೇಕು ಎಂದು ನಿರಾಳವಾದೆ. ಸುಶೀಲೆ ಬಂದು ಕೇಳಿದಾಗ ಗಾಡಿಗೆ ಹಾಕಿದೆ ಎಂದೆ. ಗಾಡಿಯವನು ತಕರಾರು ಮಾಡಲಿಲ್ಲವೇ ಎಂದಳು. ಹೇಳುವವರು ಹೇಳಿದರೆ ಕೇಳುತ್ತಾರೆ ಎಂದು ಮೀಸೆಯ ಮೇಲೆ ಕೈಯಾಡಿಸಿದೆ.

ಮರುದಿನ ಮುಂಜಾನೆ ಬಾಳವ್ವ ಹಾಲಿಗೆ ಬರಲಿಲ್ಲ. ಕಪಿಲಿಯೂ ಬರಲಿಲ್ಲ. ಮೊದಲ ರೊಟ್ಟಿ ಕಲ್ಲಿನ ಮೇಲೆ ಒಣಗುತ್ತಿತ್ತು. ನಮಸ್ಕಾರವಾಗಿಲ್ಲವೆಂದು ಸುಶೀಲೆ ಉಪವಾಸ ಕುಳಿತಿದ್ದಳು. ನಾನು ಕಪ್ಪು ಚಹಾ ಕುಡಿದು, ತಂಗಿಯ ಮೊಣಕಾಲು ನೋವು ವಿಚಾರಿಸಲು ಖಾನಾಪುರದ ಬಸ್ಸು ಹತ್ತಿದೆ. ಇದು ಮೊದಲೇ ಗೊತ್ತುಮಾಡಿದ ಪ್ರಯಾಣ. ಓಡಿಹೋದೆ ಎಂದು ಸುಶೀಲೆ ಈಗ ಹೇಳುವುದು ಅರ್ಧ ಸುಳ್ಳು.

ಶಕ್ಕು ಹಿತ್ತಲಿನ ಕಟ್ಟೆಯ ಮೇಲೆ ಅವಲಕ್ಕಿ ಕೊಟ್ಟು, ಅಣ್ಣನ ಗಿಡ ಹೇಗಿದೆ ಎಂದು ಕೇಳಿದಳು. ತಾಯಿ ಗಿಡ ಅಲ್ಲೇ ಬಾವಿಯ ಹತ್ತಿರ, ಯಾರ ಆರೈಕೆಯೂ ಇಲ್ಲದೆ, ಮಾಡಿನವರೆಗೆ ಬೆಳೆದು ನಿಂತಿತ್ತು. ನಾನು ನನ್ನ ಗುಂಡು ಆಕಾರದ ಸಾಹಸ ವರ್ಣಿಸಿದೆ. ಹೊರೆಯ ಉಪಾಯವನ್ನೂ ಹೇಳಿದೆ. ತಂಗಿಯ ಮುಂದೆ ಜಂಬ ಕೊಚ್ಚಿಕೊಳ್ಳುವ ಚಟ ಸಾಲೆಯ ಕಾಲದಿಂದ ಬಿಟ್ಟಿಲ್ಲ. ಆಕೆಯ ಕೈ ಅವಲಕ್ಕಿಯ ಡಬ್ಬಿಯ ಮೇಲೆ ನಿಂತಿತು.

"ಅಣ್ಣಾ, ಅದು ಹಸೀದಿತ್ತೋ ಬಾಡಿದ್ದೋ?"

ಬಾಡಿದ್ದು ಎಂದೆ.

"ಹಸೀದು ಕಹಿ ಇರ್ತದಂತ ದನ ಮುಟ್ಟಂಗಿಲ್ಲ. ಬಾಡಿದ್ದರ ಕಹಿ ಗೊತ್ತಾಗಂಗಿಲ್ಲ, ತಿಂತಾವು. ನಮ್ಮತ್ತಿಯವರ ಎಮ್ಮಿ ಹೋಗಿದ್ದು ಹೆಂಗಂತ ತಿಳದೀ? ಈ ಬಾವಿ ಕಣಗಲದ ಒಂದು ಟೊಂಗಿ ಮುರದು ಬಿದ್ದಿತ್ತು. ಸಂಜಿಗೆ ತಿಂತು, ಮುಂಜಾನಿ ಇರಲಿಲ್ಲ."

ನಾನು ಅವಲಕ್ಕಿಯ ತಟ್ಟೆ ಕೆಳಗಿಟ್ಟೆ. ಬಾಡಿದ ಎಲೆ, ಮೇಲೆ ಬಟಾಣಿ ಸಿಪ್ಪೆ, ಬರಿದಾದ ಕಲ್ಲು, ಹಸಿ ಸೆಗಣಿ, ಬಾರದ ಆಕಳು, ಬಾರದ ಹಾಲು. ಸ್ಟೋರಿನಲ್ಲಿ ಒಂದು ಬೋಲ್ಟು ಕಳೆದರೂ ಯಾವ ಕೈಯಿಂದ ಯಾವ ಕೈಗೆ ಹೋಯಿತೆಂದು ಹುಡುಕಿ ತೆಗೆಯುತ್ತಿದ್ದವನು ನಾನು. ಇದನ್ನು ಜೋಡಿಸಲು ಬಹಳ ಹೊತ್ತು ಬೇಕಾಗಲಿಲ್ಲ.

ಶಕ್ಕು ತಕ್ಷಣ ಫೋನ್ ಮಾಡೆಂದಳು. "ಮೂಕ ಪ್ರಾಣಿ, ಏನು ತಿಂದೆ ಅಂತ ಅದು ಹೇಳತೈತೇನು? ನೀ ಹೇಳಬೇಕು. ಡಾಕ್ಟರಿಗೆ ಗೊತ್ತಾದರ ಏನರ ಮಾಡ್ತಾರ." ನಾನು ಫೋನ್ ತೆಗೆದೆ. ಸುಶೀಲೆ ಎತ್ತಿದಳು. ಕಪಿಲಿ ಬಂತೇ ಎಂದೆ. ಇಲ್ಲವಂತೆ. ಬಾಳವ್ವನ ಮನೆಯ ಮುಂದೆ ಜನ ಕೂಡಿದ್ದಾರೆಂದು ಯಾರೋ ಹೇಳಿದರಂತೆ, ಆಕಳು ನಿನ್ನೆ ರಾತ್ರಿಯಿಂದ ಮೇವು ಮುಟ್ಟಿಲ್ಲವಂತೆ. ಯಾಕೆ ಕೇಳುತ್ತೀರಿ ಎಂದಳು. ಆ ಕ್ಷಣದಲ್ಲಿ ಹೇಳಬೇಕಾದದ್ದು ಒಂದೇ ವಾಕ್ಯ. ನನ್ನ ಬಾಯಿಂದ ಬಂದ ವಾಕ್ಯ, ಶಕ್ಕು ಉಪ್ಪಿನಕಾಯಿ ಕೊಡುತ್ತಾಳಂತೆ, ಒಂದು ಬಾಟಲಿ ತರಲೇ ಎಂಬುದು. ಗಾಡಿಗೆ ಹಾಕಿದೆ ಎಂದ ಸುಳ್ಳನ್ನು ಬಿಚ್ಚದೆ ಉಳಿದದ್ದನ್ನು ಹೇಳುವ ದಾರಿ ಇರಲಿಲ್ಲ. ಆಕಳಿನ ಪ್ರಾಣ ಒಂದು ಕಡೆ, ಮೀಸೆಯ ಮೇಲೆ ಕೈಯಾಡಿಸಿದ್ದು ಒಂದು ಕಡೆ. ತಂಗಿ ಎದುರಿಗೇ ನಿಂತು ಕೇಳುತ್ತಿದ್ದಳು. ಉಪ್ಪಿನಕಾಯಿ ಬಾಟಲಿಯನ್ನು ಕೈಗೆ ಕೊಟ್ಟಳು. ಬಸ್ಸಿನವರೆಗೆ ಕಳಿಸಲು ಬರಲಿಲ್ಲ.

ಖಾನಾಪುರದಿಂದ ಬೆಳಗಾವಿ ದೂರವೇನಲ್ಲ. ಅವತ್ತಿನ ಬಸ್ಸು ಮಾತ್ರ ಕೈ ಮಾಡಿದವರಿಗೆಲ್ಲ ನಿಂತಿತು. ಒಬ್ಬಾಕೆ ಕೋಳಿ ಬುಟ್ಟಿ ಹತ್ತಿಸಿದಳು, ಒಬ್ಬಾತ ಇಳಿದ ಮೇಲೆ ಛತ್ರಿ ನೆನಪಾಗಿ ಮತ್ತೆ ಹತ್ತಿದ. ಫೋನ್ ನನ್ನ ಕೈಯಲ್ಲೇ ಇತ್ತು. ದೇಸೂರ ದಾಟಿದ ಮೇಲೆ ಹೇಳೋಣ ಎಂದುಕೊಂಡೆ. ದಾಟಿದ ಮೇಲೆ, ಇಷ್ಟು ಹತ್ತಿರ ಬಂದಮೇಲೆ ಎದುರಿಗೇ ಹೇಳಿದರಾಯಿತು ಎಂದುಕೊಂಡೆ. ಕಿಟಕಿಯ ಹೊರಗೆ ಎಲ್ಲಿ ನೋಡಿದರೂ ದನಗಳೇ. ಇಷ್ಟು ದನಗಳು ಈ ದಾರಿಯಲ್ಲಿವೆಯೆಂದು ಬರುವಾಗ ಗೊತ್ತಾಗಿರಲಿಲ್ಲ. ಕಪಿಲಿ ಬದುಕಿದರೆ ಗಿಡವನ್ನು ಬೇರು ಸಮೇತ ಕಿತ್ತುಹಾಕುತ್ತೇನೆ ಎಂದು ಬಸವಣ್ಣನಿಗೆ ಹರಕೆ ಹೊತ್ತೆ. ಸ್ವಲ್ಪ ದೂರ ಬಂದ ಮೇಲೆ ಕಿತ್ತುಹಾಕುವುದು ಅತಿಯಾಯಿತೆಂದು, ಕೇಳಿದವರಿಗೆಲ್ಲ ಕಡ್ಡಿ ಕೊಡುತ್ತೇನೆ ಎಂದು ತಿದ್ದಿಕೊಂಡೆ. ಅಂಥ ಹೊತ್ತಿನಲ್ಲೂ ಚೌಕಾಶಿ ಮಾಡುತ್ತಿದ್ದೆನೆಂದು ಬರೆಯಲು ನಾಚಿಕೆಯಾಗುತ್ತದೆ.

ಮನೆಗೆ ಹೋಗಲಿಲ್ಲ. ಬಸ್ ನಿಲ್ದಾಣದಿಂದ ನೇರ ಆಟೋದಲ್ಲಿ ಬಾಳವ್ವನ ಮನೆಗೆ ಹೋದೆ. ಸಂಜೆಯ ಬಿಸಿಲು ಇನ್ನೂ ಇತ್ತು. ತಗಡಿನ ಚಪ್ಪರದ ಕೆಳಗೆ ಕಪಿಲಿ ಒಂದು ಮಗ್ಗುಲಾಗಿ, ಕಾಲು ಚಾಚಿ ಮಲಗಿತ್ತು. ಕಣ್ಣು ಮೇಲಾಗಿತ್ತು, ಹೊಟ್ಟೆ ಏರಿ ಇಳಿಯುತ್ತಿತ್ತು, ಆಗಾಗ ಎದೆಯಾಳದಿಂದ ನರಳುತ್ತಿತ್ತು. ಬಾಳವ್ವ ಅದರ ಬಾಲದ ಕಡೆ ಕುಳಿತಿದ್ದಳು, ಇಬ್ಬರು ಹೆಂಗಸರು ಕುತ್ತಿಗೆ ಸವರುತ್ತಿದ್ದರು. ಅವರ ನಡುವೆ, ಸೆರಗು ಕಟ್ಟಿಕೊಂಡು, ಉಪವಾಸದ ಬಾಡಿದ ಮುಖದಲ್ಲಿ ನನ್ನ ಸುಶೀಲೆಯೂ ನಿಂತಿದ್ದಳು. ನನ್ನನ್ನು, ನನ್ನ ಕೈಯಲ್ಲಿದ್ದ ಉಪ್ಪಿನಕಾಯಿ ಬಾಟಲಿಯನ್ನು ಎಲ್ಲರೂ ನೋಡಿದರು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಹೊರೆ, ಕಲ್ಲು, ಸಿಪ್ಪೆ, ಗಾಡಿಯ ಸುಳ್ಳು, ಏನೂ ಬಿಡಲಿಲ್ಲ. ಹೇಳುತ್ತಿದ್ದಂತೆ ಸುಶೀಲೆಯ ಮುಖ ನನ್ನಿಂದ ತಿರುಗಿ ಆಕಳಿನ ಕಡೆ ಹೋಯಿತು. ಆ ಕಲ್ಲಿನ ಮೇಲೆ ದಿನವೂ ತಾನೇ ಕೈಯಾರೆ ಇಟ್ಟವಳು ಆಕೆ. ಬಾಳವ್ವ ಎದ್ದು ಕಪಿಲಿಯ ಬಾಯಿ ಬಿಡಿಸಿ ಮೂಸಿದಳು. ಒಬ್ಬಾಕೆ ಪಶು ಡಾಕ್ಟರಿಗೆ ಮತ್ತೆ ಫೋನ್ ಹಚ್ಚಿದಳು. ಎಷ್ಟು ಹೊರೆ ಎಂದು ಡಾಕ್ಟರು ಫೋನಿನಲ್ಲೇ ನನ್ನನ್ನು ಕೇಳಿದರು, ಹೇಳಿದೆ. ತಿಂದದ್ದು ನೋಡಿದಿರಾ ಎಂದರು, ಇಲ್ಲವೆಂದೆ. ಆಕಳು ಇನ್ನೊಮ್ಮೆ ಜೋರಾಗಿ ನರಳಿತು. ನಾನು ಬಾಟಲಿ ಹಿಡಿದು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಬಾಳವ್ವನ ಕೈಯಲ್ಲಿ ಎರಡು ಸಣ್ಣ ಗೊರಸುಗಳಿದ್ದವು. ಡಾಕ್ಟರು ಬರುವ ಹೊತ್ತಿಗೆ ಕರು ನೆಲಕ್ಕೆ ಬಿದ್ದು ಕಿವಿ ಆಡಿಸುತ್ತಿತ್ತು. ಹೆಣ್ಣು ಕರು. ಕಪಿಲಿ ಎದ್ದು ನಿಂತು, ನಮ್ಮನ್ನೆಲ್ಲ ಮರೆತು, ಅದನ್ನು ನೆಕ್ಕತೊಡಗಿತು. ಡಾಕ್ಟರು ಎದೆ ಪರೀಕ್ಷಿಸಿ, ಕಣ್ಣು ನೋಡಿ, ವಿಷದ ಲಕ್ಷಣ ಒಂದೂ ಇಲ್ಲ, ಕರು ಅಡ್ಡ ಬಂದಿದ್ದರಿಂದ ತಡವಾಗಿದೆ ಅಷ್ಟೇ ಎಂದರು. ಆಕಳು ಗಬ್ಬವಾಗಿತ್ತೆಂದು ಗೊತ್ತೇ ಇರಲಿಲ್ಲ ಎಂದು ನಾನು ಹೇಳಿದ್ದು ಆ ಸಂಜೆಯ ಮೊದಲ ನಗೆಗೆ ಕಾರಣವಾಯಿತು. ನಾನೂ ನಗಲು ಹೋದೆ. ಬಾಳವ್ವ ನಗಲಿಲ್ಲ. ಕೈ ತೊಳೆಯುತ್ತ, ಕೂಗಾಡದೆ, ಮೆಲ್ಲಗೆ ಕೇಳಿದಳು.

"ಅಜ್ಜಾರ, ತಿಂದಿಲ್ಲ, ಅದರ ದೈವ ಚಲೋ ಇತ್ತು. ತಿಂದಿದ್ದರ ನೀವು ಬಸ್ಸಿನ್ಯಾಗ ಕುಂತು ಬರೂತನಾ ಇದು ಉಳೀತಿತ್ತೇನ್ರಿ? ನಿಮ್ಮ ಕಡೆ ಫೋನ್ ಇರಲಿಲ್ಲೇನ್ರಿ?"

ಇದಕ್ಕೆ ಉತ್ತರ ಕೊಟ್ಟಿದ್ದು ಸುಶೀಲೆ. "ಫೋನ್ ಇತ್ತವ್ವ. ಉಪ್ಪಿನಕಾಯಿ ತರಲೇನು ಅಂತ ನನಗ ಕೇಳಿದ್ದರು."

ಮುಂದಿನ ವಾರಗಳನ್ನು ವಿವರವಾಗಿ ಬರೆಯುವುದಿಲ್ಲ. ಬಾಳವ್ವ ಪಾತ್ರೆ ತುಂಬ ಗಿಣ್ಣದ ಹಾಲು ತಂದುಕೊಟ್ಟಳು, ಸುಶೀಲೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿ ಓಣಿಗೆಲ್ಲ ಹಂಚಿದಳು. ಹಂಚುವಾಗ ಪ್ರತಿ ಮನೆಯಲ್ಲೂ ಕಥೆ ಹೇಳಬೇಕಾಯಿತು. ನನ್ನ ತಟ್ಟೆಗೂ ಒಂದು ತುಂಡು ಬಂತು. ತಿನ್ನದಿದ್ದರೆ ತಪ್ಪು, ತಿಂದರೆ ನಾಚಿಕೆ. ಎರಡು ತುಂಡು ತಿಂದೆ. ಬಡಾವಣೆಯ ವಾಟ್ಸಪ್ ಗುಂಪಿನಲ್ಲಿ ಹೆಸರಿಲ್ಲದ ಒಂದು ಸೂಚನೆ ಬಂತು, ಗಿಡ ಕತ್ತರಿಸುವ ಹಿರಿಯರು ದನಗಳ ಜಾಗದಲ್ಲಿ ಟೊಂಗೆ ಹಾಕಬಾರದೆಂದು. ಆ ಗುಂಪಿನಲ್ಲಿ ಗಿಡ ಕತ್ತರಿಸುವ ಹಿರಿಯ ನಾನೊಬ್ಬನೇ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು. ಪಾಟೀಲರು ಮಾತ್ರ ಏನೂ ಹಾಕಲಿಲ್ಲ. ಸಂಭಾವಿತರು, ನನ್ನ ಮುಖ ಕಾಪಾಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಕೃತಜ್ಞನಾದೆ. ಹಾಸುಗಲ್ಲನ್ನು ನಾನೇ ದಿನವೂ ತೊಳೆಯತೊಡಗಿದೆ. ಕಪಿಲಿ ಮತ್ತೆ ಬರತೊಡಗಿತು. ಈಗ ಅದು ಸುಶೀಲೆ ಇಟ್ಟದ್ದನ್ನು ಹಾಗೇ ತಿನ್ನುತ್ತದೆ. ನಾನು ಇಟ್ಟದ್ದನ್ನು ಮೂಸಿ ನೋಡುತ್ತದೆ ಎಂದು ನನಗೆ ಅನುಮಾನ.

ಆದರೆ ಹೊರೆ ಎಲ್ಲಿ ಹೋಯಿತು ಎಂಬ ಪ್ರಶ್ನೆ ಉಳಿದಿತ್ತು. ಮಳೆಗಾಲ ಹಿಡಿದ ಮೇಲೆ ಒಂದು ಮುಂಜಾನೆ ನಮ್ಮ ಮಾಳಿಗೆ ಹತ್ತಿ ನೀರಿನ ಟಾಕಿ ನೋಡುತ್ತಿದ್ದವನಿಗೆ ಪಾಟೀಲರ ಹಿತ್ತಲು ಕಂಡಿತು. ಹಿಂದಿನ ಗೋಡೆಯ ಉದ್ದಕ್ಕೂ, ಸಾಲಾಗಿ, ಮೊಣಕಾಲೆತ್ತರದ ಕಣಗಿಲೆಗಳು. ಒಂದರ ತುದಿಯಲ್ಲಿ ಆಗಲೇ ಹೂ, ಸುತ್ತಿನ ಮೇಲೆ ಸುತ್ತು ಎಸಳು, ಕಡು ಗುಲಾಬಿ. ನಾನು ಇಳಿದು ನೇರ ಕಂಪೌಂಡಿಗೆ ಹೋದೆ. ಈ ಗಿಡ ಎಲ್ಲಿಂದ ಬಂತು ಎಂದು ಕೇಳಿದೆ. ಕಣಕುಂಬಿ ಕಡೆಯ ನೆಂಟರು ಕೊಟ್ಟರು ಎಂದು ಪಾಟೀಲರು ಆಕಾಶ ನೋಡುತ್ತ ಹೇಳಿದರು.

ನನಗೆ ಮೈ ಉರಿದುಹೋಯಿತು. ನಾನು ಕಲ್ಲಿನ ಮೇಲೆ ಒಟ್ಟಿ ಮಲಗಿದ ಹೊತ್ತಿನಲ್ಲಿ, ಆಕಳು ಬಂದು ಸಿಪ್ಪೆ ನೆಕ್ಕುವ ಮೊದಲೇ, ಈ ಮನುಷ್ಯ ಇಡೀ ಹೊರೆ ಎತ್ತಿಕೊಂಡು ಹೋಗಿದ್ದಾರೆ. ಊರೆಲ್ಲ ನನ್ನನ್ನು ಆಕಳಿಗೆ ವಿಷ ಹಾಕಿದವನೆಂದು ಆಡಿಕೊಳ್ಳುವಾಗ, ಆಕಳು ತಿನ್ನಲಿಲ್ಲ, ಟೊಂಗೆ ನನ್ನ ಹಿತ್ತಲಿನಲ್ಲಿವೆ ಎಂದು ಒಂದು ಮಾತು ಹೇಳದೆ, ಗಿಣ್ಣ ತಿಂದು ಸುಮ್ಮನಿದ್ದಾರೆ. ಗೊತ್ತಿದ್ದೂ ಬಾಯಿ ಬಿಡದಿರುವುದೆಂದರೆ ಏನು? ಕೇಳಿಯೇ ಬಿಡಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಬಂದ ಪ್ರಶ್ನೆ ಬಾಳವ್ವನದು. ನಿಮ್ಮ ಕಡೆ ಫೋನ್ ಇರಲಿಲ್ಲವೇ? ಬಾಯಿ ಮುಚ್ಚಿಕೊಂಡೆ. ಇನ್ನೊಂದು ಲೆಕ್ಕದಲ್ಲಿ ನೋಡಿದರೆ ಕಪಿಲಿಯನ್ನು ಉಳಿಸಿದ್ದು ಅವರ ಕಳವೇ. ಕೇಳಿದವರಿಗೆ ಕಡ್ಡಿ ಕೊಡುವ ನನ್ನ ಹರಕೆಯೂ, ನಾನು ಹೊರುವ ಮೊದಲೇ, ಅವರ ಕೈಯಿಂದ ತೀರಿಹೋಗಿತ್ತು.

"ನೀರು ಜಾಸ್ತಿ ಹಾಕಬ್ಯಾಡ್ರಿ ಪಾಟೀಲರ" ಎಂದಷ್ಟೇ ಹೇಳಿ ತಿರುಗಿದೆ. ಹಾಕುವುದೇ ಇಲ್ಲ, ತಿರುಗಿಯೂ ನೋಡುವುದಿಲ್ಲ ಎಂದರು. ಗಿಡಗಳ ಸೊಂಪು ನೋಡಿದರೇ ಗೊತ್ತಾಗುತ್ತಿತ್ತು.

ನನ್ನ ಗಿಡ ಈ ವರ್ಷ ಹೂ ಬಿಡಲಿಲ್ಲ. ಗುಂಡಗಿರಲಿ ಎಂದು ತುದಿ ಸವರುತ್ತಲೇ ಇದ್ದೆ. ಕಣಗಿಲೆ ಹೂ ಬಿಡುವುದು ಹೊಸ ತುದಿಯಲ್ಲೇ. ಅದಕ್ಕೇ ಮೊನ್ನೆ ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಂಪೌಂಡಿಗೆ ಎರಡೂ ಕೈ ಊರಿ ನಿಂತು, ಪೂಜೆಗೆ ಒಂದು ಹೂ ಕೊಡಿ ಎಂದು ಪಾಟೀಲರನ್ನು ಕೇಳಿದೆ. ಅವರು ತಮ್ಮ ಸಾಲಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಇವತ್ತ ಅಮಾಸಿ ಐತಲ್ರಿ ಶಿವಪ್ಪಣ್ಣಾ" ಎಂದರು. "ಗಿಡಾನೂ ಭಾಳ ದಣದೈತಿ."